ಹದಿನಾಲ್ಕನೆಯ ಗೆರೆ

2025 ನವೆಂಬರ್ 16, ಭಾನುವಾರ, ಹಾವೇರಿ. ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಬರೆಯಲು ಕುಳಿತೆ.

ನೀಲಕ್ಕ ಮನೆಯೊಳಗೆ ಬಂದ ಮೇಲೆ ಬಾಗಿಲನ್ನು ಕೂಡಲೇ ಬಿಡುತ್ತಿರಲಿಲ್ಲ. ಹೊಸ್ತಿಲು ದಾಟಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕದವನ್ನು ಕೈಯಲ್ಲಿ ಹಿಡಿದೇ ನಿಲ್ಲುತ್ತಿದ್ದರು. ಹಿಂದೆ ಬರುತ್ತಿರುವವರು ಒಳಗೆ ಬರಲಿ ಎಂದು ನಾವು ನಿಲ್ಲುತ್ತೇವಲ್ಲ, ಹಾಗೆ. ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಕದ ಮುಂದೆ ಮಾಡಿ, "ಏನ್ ಮಾಡೀರಿ ಯವ್ವಾ ನಾಷ್ಟಾ?" ಎಂದು ಅಡುಗೆಮನೆಯ ಕಡೆ ಕೂಗುತ್ತಿದ್ದರು. ಮೊದಮೊದಲು ನಮ್ಮವ್ವ ಹೊರಗೆ ಇಣುಕಿ, "ಯಾರ ಬಂದಾರ ನಿನ್ನ ಸಂಗಾಟ?" ಎಂದು ಕೇಳುತ್ತಿದ್ದಳು. ಯಾರೂ ಇರುತ್ತಿರಲಿಲ್ಲ. ಕ್ರಮೇಣ ಕೇಳುವುದನ್ನು ಬಿಟ್ಟಳು. ಆದರೆ ಒಂದು ದಿನ, ನನ್ನ ನಾಷ್ಟಾ ಆಗಲೇ ಮುಗಿದಿದ್ದರೂ, ಅವ್ವ ಎರಡು ತಾಟು ಇಟ್ಟು ಎರಡಕ್ಕೂ ಉಪ್ಪಿಟ್ಟು ಹಾಕಿದಳು. ಹಾಕಿದ ಮೇಲೆ ಸುಮ್ಮನೆ ನಿಂತು ನೋಡಿದಳು, ಒಂದನ್ನು ತೆಗೆದುಕೊಂಡು ಒಳಗೆ ಹೋದಳು. ಅದು 2023ರ ಫೆಬ್ರುವರಿ 9. ನನಗೆ ಇಂಥದ್ದನ್ನೆಲ್ಲ ಬರೆದಿಡುವ ಚಾಳಿ ಇದೆ.

ನೀಲಕ್ಕ ಎಂದರೆ ಬ್ಯಾಡಗಿಯ ನೀಲವ್ವ, ದೂರದ ಓಟದವರು. ಹತ್ತು ಸಾವಿರ ಮೀಟರ್ ಅವರ ಓಟ. ಮೈದಾನದ ಇಪ್ಪತ್ತೈದು ಸುತ್ತು. ಭಾರತದ ಬನಿಯನ್ ಹಾಕಿಕೊಂಡು ಹೊರದೇಶದಲ್ಲಿ ಎರಡು ಸಲ ಓಡಿ ಬಂದಿದ್ದರು. ಮೊದಲ ಸಲ ಹೊಟ್ಟೆ ಕೆಟ್ಟು ಅರ್ಧಕ್ಕೇ ನಿಂತರಂತೆ. ಎರಡನೆಯ ಸಲ ಒಂಬತ್ತನೆಯವರಾಗಿ ಮುಗಿಸಿದರು. ಆ ಓಟದ ಬಲದ ಮೇಲೆ ಹಾವೇರಿಯ ಒಂದು ಕಚೇರಿಯಲ್ಲಿ ಕ್ರೀಡಾ ಕೋಟಾದ ನೌಕರಿ ಸಿಕ್ಕಿತ್ತು. ಬ್ಯಾಡಗಿಯಿಂದ ಮೊದಲ ಬಸ್ಸಿಗೆ ಬಂದು, ಹಾವೇರಿ ಮೈದಾನದಲ್ಲಿ ಓಡಿ, ಮೈದಾನದ ಹತ್ತಿರವೇ ಇರುವ ನಮ್ಮ ಮನೆಯಲ್ಲಿ ಸ್ನಾನ ಮಾಡಿ, ತಿಂದು, ಕಚೇರಿಗೆ ಹೋಗುತ್ತಿದ್ದರು. ಎತ್ತರ ಕಡಿಮೆ. ಕಾಲು ಮೊಳಕಾಲಿನ ಕೆಳಗೆ ಒಣಗಿದ ತೊಗರಿಕಟ್ಟಿಗೆಯಂತೆ. ತಮ್ಮ ಓಟದ ಬಗ್ಗೆ ಅವರೇ ಹೇಳಿಕೊಳ್ಳುತ್ತಿದ್ದರು: "ನಾ ನಮ್ಮೂರ ಮೆಣಸಿನಕಾಯಿ ಇದ್ದಂಗ ನೋಡ. ಬಣ್ಣ ಬಾಳ, ಖಾರ ಕಡಿಮಿ." ಕೊನೆಯ ಸುತ್ತಿನಲ್ಲಿ ಉಳಿದವರೆಲ್ಲ ಬಿಲ್ಲಿನಿಂದ ಬಿಟ್ಟಂತೆ ಹಾರಿದರೆ ಇವರು ಮೊದಲ ಸುತ್ತಿನ ವೇಗದಲ್ಲೇ ಬರುತ್ತಿದ್ದರು. ಜೋರು ಮಾಡುವುದು ಅವರಿಗೆ ಗೊತ್ತಿರಲಿಲ್ಲ, ನಿಧಾನ ಮಾಡುವುದೂ ಗೊತ್ತಿರಲಿಲ್ಲ.

ಪರಿಚಯವಾದದ್ದು 2022ರ ಆಗಸ್ಟ್ 3ರಂದು. ಡಾಕ್ಟರು ನಡೆಯಬೇಕು ಎಂದಿದ್ದರಿಂದ ನಾನು ಬೆಳಿಗ್ಗೆ ಮೈದಾನ ಸುತ್ತುತ್ತಿದ್ದೆ. ಸುತ್ತಿಗೊಂದು ಗೆರೆಯಂತೆ ಕಿಸೆಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ: ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ನೀಲಕ್ಕ ಓಟ ಮುಗಿಸಿ ನನ್ನ ಪಕ್ಕ ಬಂದು ನಿಂತರು.

"ಏ ತಂಗಿ, ಏನ ಬರ್ಕೊಳ್ಳಾಕತ್ತೀದಿ? ಸಿಐಡಿ ಏನ ನೀ?"

"ಸುತ್ತು ಎಣಸಾಕತ್ತೇನ್ರಿ. ನಂದೂ, ನಿಮ್ಮದೂ."

"ನಂದ್ಯಾಕ?"

"ಕಣ್ಣಿಗೆ ಬಿದ್ದದ್ದನ್ನ ಎಣಸ್ತೇನ್ರಿ."

"ಚೊಲೋ ಆತು. ನಂದೆಷ್ಟಾದ್ವು?"

"ಹದಿನೇಳು."

"ಹದಿನಾರು."

ನಾನು ಪುಸ್ತಕ ತೋರಿಸಿದೆ. ಮೂರು ಕಟ್ಟು, ಎರಡು ಗೆರೆ. ನೀಲಕ್ಕ ಬೆರಳಿಟ್ಟು ಎಣಿಸಿ ನಕ್ಕರು. "ಆಕೀದೂ ಹಿಡದೀದಿ. ಇರ್ಲಿ ಬಿಡ. ನಾಳಿಂದ ನೀನ ನನ್ನ ಲೆಕ್ಕದವ್ವ." ಅಂದಿನಿಂದ ನನ್ನ ಹೆಸರು ಅದೇ ಆಯಿತು.

'ಆಕಿ' ಯಾರು ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ನೀಲಕ್ಕನ ಅಪ್ಪ ಫಕ್ಕೀರಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು. ಲಾರಿಗೆ ಚೀಲ ಹೇರುವಾಗ ಮೊದಲನೆಯ ಚೀಲಕ್ಕೆ ಯಾರೂ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಕಣದಲ್ಲಿ ಕಾಳು ಅಳೆಯುವವರೂ ಹೀಗೇ ಅನ್ನುತ್ತಾರೆ. ನೀಲಕ್ಕ ಎಣಿಕೆ ಕಲಿತದ್ದು ಆ ಯಾರ್ಡಿನಲ್ಲೇ. ಆದರೆ ಅವರ ಎಣಿಕೆ ಬೇರೆ ಇತ್ತು: ಲಾಭ, ಒಂದು, ಎರಡು, ಮೂರು. ಇಪ್ಪತ್ತೈದು ಸುತ್ತು ಓಡಿದೆ ಎಂದರೆ ಅವರು ಓಡಿದ್ದು ಇಪ್ಪತ್ತಾರು. ಮೊದಲನೆಯದು ಅವರ ಲೆಕ್ಕಕ್ಕಿಲ್ಲ.

"ಅದು ಯಾರ ಲೆಕ್ಕಕ್ಕ, ಅಕ್ಕ?" ಎಂದು ಕೇಳಿದೆ.

"ಹಿಂದಿನಾಕೀದು."

"ಹಿಂದಿನಾಕಿ ಅಂದ್ರ?"

ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. "ಹಿಂದ ಓಡಿ ಬರ್ತಾಳಲ್ಲ, ಆಕಿ. ಮೊದಲನೇ ಸುತ್ತು ಆಕೀಗೆ ಕೊಟ್ಟಬಿಟ್ರ ಆಮ್ಯಾಲ ಸುಮ್ಮನ ಎರಡ ಹೆಜ್ಜಿ ಹಿಂದ ಬರ್ತಾಳ. ತ್ರಾಸ ಕೊಡಂಗಿಲ್ಲ." ನಮ್ಮ ಓಣಿಯ ಯಾರದೋ ಸ್ವಭಾವ ಹೇಳುವ ಹಾಗೆ ಹೇಳಿದರು. ಎಷ್ಟು ವರ್ಷದಿಂದ ಎಂದು ಕೇಳಿದ್ದಕ್ಕೆ, "ಓಡಾಕ ಹತ್ತಿದಾಗಿಂದ" ಎಂದರು. ನೋಡಿದ್ದೀರಾ ಎಂದೆ. "ಹೊಳ್ಳಿ ನೋಡಿದ್ರ ಓಟ ಕೆಡತೈತಿ" ಎಂದು ಎದ್ದು ಹೋದರು.

ಆ ದಿನದಿಂದ 2024ರ ಜನವರಿಯವರೆಗೆ ನಾನು ಅವರಿಗೆ ಸುತ್ತು ಎಣಿಸಿದ್ದು 212 ಬೆಳಗು. ಅದರಲ್ಲಿ ಎರಡು ಜೋಡಿ ಹೆಜ್ಜೆಯ ಸಪ್ಪಳ ನನಗೂ ಕೇಳಿದ್ದು ಒಂಬತ್ತು ದಿನ. ಒಂದು ಜೋಡಿ ಹಾದು ಹೋದ ಮೇಲೆ, ಮಣ್ಣು ಒತ್ತಿದಂಥ ಇನ್ನೊಂದು ಜೋಡಿ, ಅಷ್ಟೇ ಲಯದಲ್ಲಿ. ಮೈದಾನದ ಪೂರ್ವಕ್ಕಿರುವ, ಜನ ಕೂರುವ ಕಟ್ಟೆಯ ಗೋಡೆಗೆ ಸಪ್ಪಳ ಬಡಿದು ವಾಪಸು ಬರುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಅದರ ಕೆಳಗೆ ನಾನೇ ಇನ್ನೊಂದು ಸಾಲು ಬರೆದಿದ್ದೇನೆ: ಹಾಗಾದರೆ ಉಳಿದ 203 ದಿನ ಗೋಡೆ ಎಲ್ಲಿಗೆ ಹೋಗಿತ್ತು?

ಒಮ್ಮೆ ನೀಲಕ್ಕ ನನ್ನನ್ನು ಬ್ಯಾಡಗಿಗೆ ಕರೆದುಕೊಂಡು ಹೋದರು. ಸುಗ್ಗಿಯ ದಿನಗಳು. ಯಾರ್ಡಿನ ತುಂಬ ಕೆಂಪು ರಾಶಿಗಳು; ರಾಶಿಗಳ ನಡುವಿನ ಓಣಿಗಳಲ್ಲಿ ಗಾಡಿ, ಚೀಲ, ಜನ. ರಜೆಯ ದಿನ ನೀಲಕ್ಕ ಮೋಟೆಬೆನ್ನೂರಿನವರೆಗೆ ಓಡಿ ಹೋಗಿ ಬಂದು, ಕೊನೆಗೆ ಈ ಓಣಿಗಳಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಘಾಟಿನಲ್ಲಿ ಓಡಿದರೆ ಪುಪ್ಪುಸ ಗಟ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿ ಸಾಲಾಗಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಣ್ಣುಮಕ್ಕಳು ನೀಲಕ್ಕ ಹಾದು ಹೋದ ಕೂಡಲೇ ಎದ್ದ ಧೂಳಿಗೆ ಸೀನಿದರು. ಅದು ಸರಿಯೇ. ಸ್ವಲ್ಪ ತಡೆದು, ಧೂಳೆಲ್ಲ ಕುಳಿತ ಮೇಲೆ, ಅದೇ ಸಾಲು, ಅದೇ ಕ್ರಮದಲ್ಲಿ, ಆ ತುದಿಯಿಂದ ಈ ತುದಿಗೆ ಮತ್ತೊಮ್ಮೆ ಸೀನಿತು.

"ಒಬ್ಬಾಕಿ ಓಡಿದ್ರ ಇಬ್ಬರ ಧೂಳ ಏಳತೈತಿ ನೋಡ ನಮ್ಮ ನೀಲವ್ವಂದು!" ಎಂದು ಒಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ಎಣಿಸಿದೆ, ಮೊದಲ ಸಲ ಏಳು ಸೀನು, ಎರಡನೆಯ ಸಲ ಏಳು ಸೀನು.

ಫಕ್ಕೀರಪ್ಪ ಕಾಕಾ ಚೀಲದ ಮೇಲೆ ಕುಳಿತು ನನಗೆ ಚಹಾ ತರಿಸಿದರು. "ನನ್ನ ಮಗಳಿಗೆ ಓಡಾಕ ಬರತೈತಿ, ಎಣಸಾಕ ಬರಂಗಿಲ್ಲವ್ವ" ಎಂದರು. "ಸಣ್ಣಾಕಿದ್ದಾಗ ಒಮ್ಮೆ ಚೀಲ ಎಣಿಸು ಅಂದೆ. ಲಾಭ ಅಂದ್ಲು, ಆಮ್ಯಾಲ ಒಂದು ಅಂದ್ಲು. ಲಾರಿಗೆ ಒಂದು ಚೀಲ ಹೆಚ್ಚಿಗಿ ಹೋತು. ಬೈಸಿಕೊಂಡಾವ ನಾನು. ಲಾಭ ಅಂದ್ರನ ಒಂದು, ಹುಚ್ಚಿ ಅಂದ್ರ, ಲಾಭ ನಮ್ಮದಲ್ಲಪ್ಪಾ ಅಂತಾಳ! ಖರೇನ ಐತಿ ಬಿಡ, ನಮ್ಮದೆಲ್ಲಿತ್ತು." ಹೇಳಿ ತಾವೇ ಗಟ್ಟಿಯಾಗಿ ನಕ್ಕರು.

ಹೊರದೇಶದ ಆ ಎರಡನೆಯ ಓಟದ ಕತೆಯನ್ನು ನೀಲಕ್ಕ ಒಂದೇ ಸಲ ಹೇಳಿದ್ದು, ನಮ್ಮ ಮನೆಯ ಪಡಸಾಲೆಯಲ್ಲಿ, ರೊಟ್ಟಿ ಮುರಿಯುತ್ತ.

"ಅಲ್ಲಿ ಮಂದಿ ಎಷ್ಟು ಚೀರತಿದ್ರಂದ್ರ, ನನ್ನ ಉಸುರು ನನಗ ಕೇಳಸ್ತಿರಲಿಲ್ಲ. ಆಕಿ ಕಾಲು ಮಾತ್ರ ಕೇಳಸ್ತಿತ್ತು. ಅಲ್ಲಿ ಲಾಭ ಕೊಡಾಕ ಬರಂಗಿಲ್ಲಲ್ಲ, ಎಲ್ಲಾ ಅವರದ ಎಣಿಕಿ. ಕಡೀ ಸುತ್ತಿಗೆ ಹಿಂದಿನ ಸಪ್ಪಳ ಪಕ್ಕಕ್ಕ ಬಂತು. ಆಮ್ಯಾಲ ಮುಂದ ಹೋತು. ನೋಡೂಣು ಅಂತ ಕತ್ತ ಎತ್ತಿದೆ. ಮುಂದ ಬರೇ ಬೆನ್ನು. ಯಾವ ಬೆನ್ನು ಯಾರದು ಅಂತ ಹೇಳೂದು? ಮುಗಿಸಿ ಕುಂತ ಮ್ಯಾಲ ಎಣಿಸಿದೆ. ನನಕಿಂತ ಮುಂದ ಗೆರಿ ದಾಟಿದವರು ಒಂಬತ್ತು ಮಂದಿ. ಬೋರ್ಡಿನಾಗ ನನ್ನ ಹೆಸರೂ ಒಂಬತ್ತನೇದು." ರೊಟ್ಟಿಯ ತುಂಡು ಕೈಯಲ್ಲೇ ಇತ್ತು. "ಹಂಗಾದ್ರ ನಾ ಹತ್ತನೇದಾಕಿ ಅಲ್ಲೇನ ಲೆಕ್ಕದವ್ವ?"

ನಾನು ಬೆರಳು ಮಡಚಿ ಎಣಿಸಿದೆ.

"ಅದಕ್ಕ ಇನ್ನೊಮ್ಮೆ ಅಲ್ಲಿ ಓಡಬೇಕು. ಮೆಡಲ್ ಬ್ಯಾಡ, ಏನೂ ಬ್ಯಾಡ. ಆಕಿ ಹಿಂದ ಇದ್ದಾಗ ನಾ ಗೆರಿ ದಾಟಬೇಕು. ಆವಾಗ ನನ್ನ ನಂಬರು ನಂದು."

ಅವರಿಗೆ ಆಗ ಮೂವತ್ಮೂರು ವರ್ಷ. ಅಂಥ ಅವಕಾಶ ಇನ್ನು ಒಂದೇ ಉಳಿದಿತ್ತು. ಹೊರದೇಶದ ಒಂದು ಓಟಕ್ಕೆ ತಯಾರಿ ಶಿಬಿರ ಇತ್ತು. ಆ ಶಿಬಿರಕ್ಕೆ ನಮ್ಮ ಭಾಗದಿಂದ ಒಬ್ಬರನ್ನು ಆರಿಸುವ ಓಟ ಹಾವೇರಿಯಲ್ಲೇ ನಡೆಯುವುದಿತ್ತು. ಇಪ್ಪತ್ತೈದು ಸುತ್ತನ್ನು 34 ನಿಮಿಷದೊಳಗೆ ಮುಗಿಸಬೇಕು. ಮುಗಿಸಿದರೆ ಶಿಬಿರ, ಇಲ್ಲದಿದ್ದರೆ ಮುಂದಿನ ಸಲಕ್ಕೆ ವಯಸ್ಸು ಮೀರಿದಂತೆಯೇ.

2024 ಜನವರಿ 7, ಭಾನುವಾರ. ಬೆಳಿಗ್ಗೆ ಮೈದಾನಕ್ಕೆ ಬಂದಾಗ ಮಂಜು ಎಷ್ಟಿತ್ತೆಂದರೆ ಹತ್ತು ಹೆಜ್ಜೆ ಆಚೆ ಮನುಷ್ಯರು ಬರೀ ಬಣ್ಣವಾಗಿ ಕಾಣುತ್ತಿದ್ದರು. ಓಡಲು ಬಂದವರು ಮೂವರು. ಓಟ ನಡೆಸಲು ಬಂದವರು ಒಬ್ಬರೇ: ಬಾಯಿಂದ ಸೀಟಿ ತೆಗೆಯದ ಒಬ್ಬ ಹಿರಿಯ ದೈಹಿಕ ಶಿಕ್ಷಕರು; ನೀಲಕ್ಕ ಅವರನ್ನು ಸೀಟಿ ಮಾಸ್ತರ ಎನ್ನುತ್ತಿದ್ದರು. ಸುತ್ತು ಎಣಿಸಬೇಕಾದವರು ಬಸ್ಸು ಸಿಗದೆ ದಾರಿಯಲ್ಲೇ ಉಳಿದಿದ್ದರು. ನನ್ನ ಕೈಯಲ್ಲಿ ಪುಸ್ತಕ ಕಂಡು ಮಾಸ್ತರು, "ಏ ಹುಡುಗಿ, ನೀಲವ್ವನ ಸುತ್ತು ನೀ ಹಿಡೀತೀ ಏನ? ತಪ್ಪಿದ್ರ ನೋಡ ಮತ್ತ!" ಎಂದರು. ನಾನು ಒಪ್ಪಿದೆ. ಐದು ಸುತ್ತಿಗೊಮ್ಮೆ ಅವರು ಗಡಿಯಾರ ನೋಡಿ ಹೊತ್ತು ಹೇಳುವುದು, ನಾನು ಬರೆದುಕೊಳ್ಳುವುದು.

ನೀಲಕ್ಕನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಅಕ್ಕ, ಇವತ್ತ ಮೊದಲನೇ ಸುತ್ತಿಗೆ ಒಂದು ಅಂತನ ಬರೀತೇನ್ರಿ. ಇವತ್ತ ಲಾಭ ಇಲ್ಲ."

ಅವರ ಮುಖ ಸಣ್ಣದಾಯಿತು. "ಹಂಗಾದ್ರ ಆಕೀ ಸುತ್ತು ಯಾವ್ದ?"

"ಇವತ್ತೊಂದು ದಿನ ಬ್ಯಾಡ ಅನ್ರಿ ಆಕೀಗೆ."

"ನೀ ಹೇಳ ಬೇಕಾದ್ರ" ಎಂದು ನಗಲು ಹೋದರು, ನಗು ಬರಲಿಲ್ಲ. "ಇರ್ಲಿ. ಓಟ ನಂದು, ಎಣಿಕಿ ನಿಂದು. ನಾ ಎಣಸಂಗಿಲ್ಲ. ನೀ ಸಾಕು ಅಂದಾಗ ನಿಲ್ತೇನಿ."

ಮಾಸ್ತರು ಸೀಟಿ ಊದಿದರು. ಪ್ರತಿ ಸುತ್ತಿಗೆ ನಾನು ಗೆರೆ ಎಳೆದು, ಉಳಿದದ್ದನ್ನು ಕೂಗಿ ಹೇಳುತ್ತಿದ್ದೆ. ಇನ್ನ ಇಪ್ಪತ್ನಾಕು! ಇನ್ನ ಇಪ್ಪತ್ಮೂರು! ಮೊದಲ ಐದು ಸುತ್ತು 6 ನಿಮಿಷ 55 ಸೆಕೆಂಡು. ಎರಡನೆಯ ಐದೂ ಅಷ್ಟೇ. ಆರನೆಯ ಸುತ್ತಿಗೆ ಒಬ್ಬಳು ಹೊಟ್ಟೆ ಹಿಡಿದುಕೊಂಡು ಹೊರಬಂದಳು, ಒಂಬತ್ತನೆಯದಕ್ಕೆ ಇನ್ನೊಬ್ಬಳು. ಇಬ್ಬರೂ ಮೈದಾನದ ಕೋಣೆಗೆ ಹೋದರು. ಹತ್ತನೆಯ ಸುತ್ತಿನಿಂದ ಮುಂದೆ ಆ ಮೈದಾನದಲ್ಲಿ ಓಡುತ್ತಿದ್ದದ್ದು ನೀಲಕ್ಕ ಒಬ್ಬರೇ.

ಆಗಲೇ ಮಂಜು ಇನ್ನೂ ಕೆಳಗಿಳಿದದ್ದು. ನಾನು ಕುಳಿತಿದ್ದ ಕಲ್ಲಿನಿಂದ ಸುತ್ತು ಮುಗಿಯುವ ಗೆರೆಯೇ ಕಾಣುತ್ತಿರಲಿಲ್ಲ. ಹೆಜ್ಜೆ ಕೇಳಿ ಗುರುತು ಹಾಕುತ್ತಿದ್ದೆ. ದೂರದಿಂದ ಸಪ್ಪಳ ಬರುತ್ತದೆ, ಹತ್ತಿರವಾಗುತ್ತದೆ, ಮುಖಕ್ಕೆ ಸ್ವಲ್ಪ ಗಾಳಿ ತಾಗುತ್ತದೆ, ದೂರವಾಗುತ್ತದೆ. ಒಂದು ಗೆರೆ. ಹದಿಮೂರನೆಯ ಗೆರೆ ಎಳೆದು "ಇನ್ನ ಹನ್ನೆರಡು!" ಎಂದು ಕೂಗಿದ್ದು ಚೆನ್ನಾಗಿ ನೆನಪಿದೆ. ಹದಿನೈದಕ್ಕೆ "ಇನ್ನ ಹತ್ತು!" ಎಂದದ್ದೂ ನೆನಪಿದೆ. ನಡುವೆ "ಇನ್ನ ಹನ್ನೊಂದು" ಎಂದು ಕೂಗಿದೆನೋ ಇಲ್ಲವೋ, ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆಯುವುದಿಲ್ಲ.

ಇಪ್ಪತ್ತೈದನೆಯ ಗೆರೆ ಎಳೆದು "ಸಾಕ್ರಿ ಅಕ್ಕ!" ಎಂದು ಕೂಗಿದೆ. ಸೀಟಿ ಮಾಸ್ತರು ಗಡಿಯಾರ ಒತ್ತಿದರು. 33 ನಿಮಿಷ 55 ಸೆಕೆಂಡು. ಐದು ಸೆಕೆಂಡು ಉಳಿದಿತ್ತು.

"ಎಷ್ಟು ಸುತ್ತು?" ಮಾಸ್ತರು ನನ್ನ ಕಡೆ ತಿರುಗಿದರು.

"ಇಪ್ಪತ್ತೈದ್ರಿ ಸರ್."

ಅವರು ಕಾಗದಕ್ಕೆ ಸಹಿ ಹಾಕಿ ನೀಲಕ್ಕನ ತಲೆಯ ಮೇಲೆ ಕೈಯಿಟ್ಟರು. "ಮುದುಕಿ ಆದಿ ಅಂದಿದ್ದೆ. ತಪ್ಪಾತವ್ವ."

ಮಧ್ಯಾಹ್ನ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ರೊಟ್ಟಿ ಬರುವವರೆಗೆ ನಾನು ಪುಸ್ತಕ ತೆರೆದು ಐದೈದು ಸುತ್ತಿನ ಹೊತ್ತನ್ನು ಬಿಡಿಸಿ ಬರೆದೆ. 6:55. 6:55. 6:15. 6:55. 6:55.

ಮೂರನೆಯ ಕಟ್ಟು, ಹನ್ನೊಂದರಿಂದ ಹದಿನೈದು. ಅದೊಂದೇ ಬೇರೆ. ಐದು ಸುತ್ತು ಓಡಿದ್ದರೆ ಸುತ್ತಿಗೆ 75 ಸೆಕೆಂಡು. ಅಷ್ಟು ವೇಗವನ್ನು 212 ಬೆಳಗಿನಲ್ಲಿ ಒಂದು ಸಲವೂ ನಾನು ಕಂಡಿರಲಿಲ್ಲ. ನಾಲ್ಕೇ ಸುತ್ತು ಓಡಿದ್ದರೆ ಸುತ್ತಿಗೆ 94 ಸೆಕೆಂಡು. ಅಷ್ಟು ನಿಧಾನವನ್ನೂ ಕಂಡಿರಲಿಲ್ಲ. ಗೆರೆಗಳನ್ನು ನೋಡಿದೆ. ಹದಿನಾಲ್ಕನೆಯದು ಹದಿಮೂರನೆಯದಕ್ಕೆ ತಾಗಿ ನಿಂತಿತ್ತು, ನಾನು ಎಂದೂ ಹಾಗೆ ಎಳೆಯುವುದಿಲ್ಲ. ಆಗ ನೆನಪಾಯಿತು: ಹದಿಮೂರರ ಗೆರೆ ಎಳೆದು ಪೆನ್ಸಿಲು ಎತ್ತುವುದರೊಳಗೆ ಮತ್ತೆ ಹೆಜ್ಜೆ ಹಾದು ಹೋದವು. ಮುಖಕ್ಕೆ ಗಾಳಿ ತಾಗಿತು. ಕೈ ತಾನಾಗಿ ಇನ್ನೊಂದು ಗೆರೆ ಎಳೆಯಿತು. ಅಥವಾ ಎಳೆಯಿತು ಎಂದು ಆಗ ಅನಿಸಿತು.

ಒಂದೇ ಸುತ್ತಿಗೆ ಎರಡು ಗೆರೆ ಬಿದ್ದಿರಬಹುದು ಎಂದು ಹೇಳದೆ ಇರಬಹುದಿತ್ತು. ಹೇಳಿದೆ. ಪುಸ್ತಕವನ್ನು ತಿರುಗಿಸಿ ಅವರ ಮುಂದೆ ಇಟ್ಟೆ.

ನೀಲಕ್ಕ ಬಹಳ ಹೊತ್ತು ನೋಡಿದರು. "ಆ ಸಲ ನನ್ನ ನೀ ಕಣ್ಣಲೇ ನೋಡಿದ್ದೇನ?"

"ಮಂಜಿತ್ತಲ್ಲಕ್ಕ. ಕೇಳಿಸ್ಕೊಂಡೆ."

"ಎರಡನೇ ಸಪ್ಪಳ ಹೆಂಗಿತ್ತು? ಬೂಟಿನದೋ, ಬರಿಗಾಲಿಂದೋ?"

ಉತ್ತರಕ್ಕೆ ಕಾಯದೆ ಅವರು ತಾಟನ್ನು ಪಕ್ಕಕ್ಕೆ ಸರಿಸಿದರು. "ಮೊದಲ ಕೊಡಲಿಲ್ಲ ನೋಡ ನಾವು. ನಡುವ ತಗೊಂಡ್ಲು."

"ಅಕ್ಕ, ಸಹಿ ಆಗೇತಿ. ಯಾರಿಗೂ ಗೊತ್ತಿಲ್ರಿ ಇದು."

"ಯಾರಿಗೂ ಅಂದ್ರ ಯಾರ್ಯಾರಿಗೆ?"

"ಮಾಸ್ತರಿಗೆ ಗೊತ್ತಿಲ್ಲ. ಮಂದೀಗೆ ಗೊತ್ತಿಲ್ಲ."

"ಆಕೀ ಸುತ್ತಿನ ಮ್ಯಾಲ ನಾ ಅಲ್ಲಿಗೆ ಹೋದ್ರ, ಅಲ್ಲಿ ಓಡಾಕಿ ಯಾರು? ನಾನೋ, ಆಕೀನೋ?" ಎಂದರು. ಸಿಟ್ಟಿರಲಿಲ್ಲ. ಲೆಕ್ಕ ಕೇಳುವ ದನಿ ಅದು.

ಸೀಟಿ ಮಾಸ್ತರು ಇನ್ನೂ ಮೈದಾನದ ಕೋಣೆಯಲ್ಲೇ ಇದ್ದರು. ನೀಲಕ್ಕ ಹೋಗಿ, ಒಂದು ಸುತ್ತು ಕಡಿಮೆ ಬಿದ್ದಿದೆ, ಹೆಸರು ತೆಗೆಯಿರಿ ಎಂದರು. ಮಾಸ್ತರ ಬಾಯಿಂದ ಸೀಟಿ ಬಿತ್ತು. "ತಲೀಗಿಲೀ ಕೆಟ್ಟೈತೇನ ನಿಂದು? ಲೆಕ್ಕದಾಕಿ ಇಪ್ಪತ್ತೈದು ಅಂದಾಳ, ನಾ ಸಹಿ ಮಾಡೇನಿ, ನೀ ಯಾರ ಬ್ಯಾಡ ಅನ್ನಾಕ?"

"ಓಡಿದಾಕಿ ನಾನಲ್ರೀ ಸರ್" ಎಂದರು ನೀಲಕ್ಕ. ಆ ಮಾತನ್ನು ಎರಡು ರೀತಿ ಅರ್ಥ ಮಾಡಬಹುದು ಎಂದು ನನಗೆ ಹೊಳೆದದ್ದು ರಾತ್ರಿ ಬರೆಯುವಾಗ. ಮಾಸ್ತರು ನನ್ನ ಕಡೆ ನೋಡಿದರು, ಇಪ್ಪತ್ತೈದು ಎಂದು ಇನ್ನೊಮ್ಮೆ ಹೇಳು ಎನ್ನುವಂತೆ. ನನ್ನ ಬಾಯಿಂದ ಅದು ಬರಲಿಲ್ಲ. ಅವರು ಕಾಗದ ಹರಿದರು.

ಹೊರಗೆ ಬಂದಾಗ ಮೂರು ಗಂಟೆಯ ಬಿಸಿಲು. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನೀಲಕ್ಕ ಚಪ್ಪಲಿ ಬಿಟ್ಟು, ದುಪ್ಪಟ್ಟಾವನ್ನು ನಡುವಿಗೆ ಬಿಗಿದು, "ಉಳದದ್ದು ಓಡಿ ಬರ್ತೇನಿ, ನೋಡ್ಕೊಂತ ಕುಂದ್ರ" ಎಂದು ಹೊರಟರು. ಒಂದು ಸುತ್ತು. ಈ ಸಲ ಪುಸ್ತಕ ಮುಚ್ಚಿ ಕಣ್ಣಿಂದಲೇ ನೋಡಿದೆ. 83 ಸೆಕೆಂಡು. ಮುಗಿಸಿ ಬಂದು ಕಲ್ಲಿನ ಮೇಲೆ ಕುಳಿತು ಪಾದಕ್ಕೆ ಅಂಟಿದ ಹರಳು ಬಿಡಿಸಿದರು.

"ನನ್ನ ಕಾಲು ಇಷ್ಟು ಸಪ್ಪಳ ಮಾಡ್ತಾವ ಅಂತ ನನಗ ಗೊತ್ತಿರಲಿಲ್ಲ" ಎಂದರು. "ಇವತ್ತ ಬರೇ ನಂದಷ್ಟ ಕೇಳತು."

ಅದರ ಮರುದಿನ ಅವರು ಮೈದಾನಕ್ಕೆ ಬರಲಿಲ್ಲ. 213ನೆಯ ಬೆಳಗು ನನ್ನ ಪುಸ್ತಕದಲ್ಲಿ ಇಲ್ಲ. ಫೆಬ್ರುವರಿಯಲ್ಲಿ ಅವರಿಗೆ ರಾಣೇಬೆನ್ನೂರಿಗೆ ವರ್ಗವಾಯಿತು.

ಕೊನೆಯ ಭೇಟಿ 2024ರ ಮಾರ್ಚ್ 22, ರಾಣೇಬೆನ್ನೂರು ರೈಲ್ವೆ ನಿಲ್ದಾಣ. ನಾನು ಐರಣಿಯ ಅತ್ತೆಯ ಮನೆಗೆ ಹೋಗಿ ಹಾವೇರಿಗೆ ಹೊರಟಿದ್ದೆ. ಅವರು ಬ್ಯಾಡಗಿಗೆ ಹೋಗುವವರು, ಆದರೆ ನನ್ನ ರೈಲು ಹತ್ತಲಿಲ್ಲ. ಮುಂದಿನದಕ್ಕೆ ಹೋಗುತ್ತೇನೆ ಎಂದರು. ಮೈ ತುಂಬಿಕೊಂಡಿತ್ತು. ಓಡುತ್ತೀರಾ ಎಂದು ಕೇಳಿದೆ.

"ಇಲ್ಲವ್ವ. ಒಬ್ಬಾಕೀನ ಓಡಾಕ ಅಂಜಿಕಿ ಬರತೈತಿ."

ರೈಲು ಬಂತು. ನಾನು ಹತ್ತಿ ಕಿಟಕಿಯ ಹತ್ತಿರ ಕುಳಿತೆ. ಅವರು ಕಿಟಕಿಯ ಸರಳು ಹಿಡಿದು, ಬೇರೆ ಏನೋ ನೆನಪಾದವರಂತೆ ನಕ್ಕರು. "ಅವತ್ತ ಏನ ಓಡಿದೆನಲ್ಲೆ ನಾನು! ನಡುವ ಒಂದು ಕಡೆ ಆಕಿ ಬಾಳ ಸಮೀಪ ಬಂದ್ಲು ನೋಡ. ಆಕಿ ಉಸುರು ನನ್ನ ಕುತಿಗಿಗೆ ತಾಗತಿತ್ತು. ಅಂಜಿ ಕಿತ್ತೆ ಓಟ. ನಾಕೈದು ಸುತ್ತು ಹಂಗ ಓಡಿದೆ. ಅಷ್ಟು ಜೋರು ಜನ್ಮದಾಗ ಓಡಿಲ್ಲ."

ರೈಲು ಸರಿಯಿತು. ಅವರ ಮಾತು ನನ್ನ ತಲೆಗೆ ಇಳಿಯುವುದಕ್ಕೆ ಪ್ಲಾಟ್‌ಫಾರ್ಮ್ ಮುಗಿಯುವಷ್ಟು ಹೊತ್ತು ಬೇಕಾಯಿತು. ನಾಲ್ಕೈದು ಸುತ್ತು ಜೋರು. ಹಾಗಾದರೆ ಸುತ್ತಿಗೆ 75 ಸೆಕೆಂಡು. ಹಾಗಾದರೆ ಹದಿನಾಲ್ಕನೆಯ ಗೆರೆ ಅವರದ್ದೇ. ಐದು ಸೆಕೆಂಡು ಉಳಿಸಿಕೊಂಡು ಇಪ್ಪತ್ತೈದನ್ನೂ ಅವರೇ ಓಡಿದ್ದರು. ಖಾನಾವಳಿಯಲ್ಲಿ ಪುಸ್ತಕ ತಿರುಗಿಸಿ ಇಟ್ಟವಳು ನಾನು. ಎದ್ದು ಬಾಗಿಲಿಗೆ ಓಡಿದೆ. ಪ್ಲಾಟ್‌ಫಾರ್ಮ್ ಕಾಣುತ್ತಿತ್ತು, ಅವರು ಕಾಣಲಿಲ್ಲ.

ಫೋನು ಮಾಡಿದೆ. ಆ ನಂಬರಿಗೆ ಅಂದಿನಿಂದ ಇವತ್ತಿನವರೆಗೆ 61 ಸಲ ಮಾಡಿದ್ದೇನೆ, ಹತ್ತುವುದಿಲ್ಲ. ಏಪ್ರಿಲ್‌ನಲ್ಲಿ ಅವರು ನೌಕರಿ ಬಿಟ್ಟಿದ್ದು ತಿಳಿಯಿತು. ಬ್ಯಾಡಗಿಗೆ ಹೋದರೆ ಫಕ್ಕೀರಪ್ಪ ಕಾಕಾ, "ಫೋನ್ ಮಾಡ್ತಾಳವ್ವ, ಬ್ಯಾರೆ ಬ್ಯಾರೆ ನಂಬರಿಂದ. ಆರಾಮ ಅದೇನಿ ಅಂತಾಳ. ಯಾವೂರಾಗದೀ ಅಂದ್ರ ಹೇಳಂಗಿಲ್ಲ" ಎಂದರು. ಮುಂದಿನ ಸಲ ಮಾಡಿದಾಗ ಹದಿನಾಲ್ಕನೆಯ ಗೆರೆ ಅವರದ್ದೇ ಇರಬೇಕು ಎಂದು ಹೇಳಿ ಎಂದೆ. ಅವರು ಹೇಳಿದರಂತೆ. ಅತ್ತ ಕಡೆಯಿಂದ ಬಂದದ್ದು ಇಷ್ಟೇ: "ಇರಬೇಕು ಅಂದ್ರ ಆಗಂಗಿಲ್ಲಪ್ಪಾ. ಯಾರರ ನೋಡಿರಬೇಕು."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಜನವರಿಯ ಭಾನುವಾರ ಬೆಳಿಗ್ಗೆ ಹಾವೇರಿ ಮೈದಾನದಲ್ಲಿ ನಾವಷ್ಟೇ ಇರಲಿಲ್ಲ. ಕಿವಿಗೆ ಉಣ್ಣೆಯ ಟೋಪಿ ಹಾಕಿಕೊಂಡು ಮಾತಾಡುತ್ತ ನಡೆಯುತ್ತಿದ್ದ ಇಬ್ಬರು ಹಿರಿಯರಿದ್ದರು. ಕಟ್ಟೆ ಗುಡಿಸುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು. ಗೇಟಿನ ಹತ್ತಿರ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ನಿಂತಿದ್ದವರೊಬ್ಬರಿದ್ದರು. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಓದಿದವರು ಅವರನ್ನು ಬಲ್ಲವರಾಗಿದ್ದರೆ, ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಮಂಜು ತೀರ ಕೆಳಗಿಳಿದಾಗ, ಸುಮಾರು ಹದಿಮೂರು ಸುತ್ತು ಆಗಿದ್ದಾಗ, ನಿಮ್ಮ ಮುಂದೆ ಹಾದು ಹೋದವರು ಒಬ್ಬರೋ, ಇಬ್ಬರೋ? ಹೆಜ್ಜೆ ಕೇಳಿಸಿಕೊಂಡವರು ಬರೆಯುವುದು ಬೇಡ, ಕೇಳಿಸಿಕೊಂಡವಳು ನಾನೊಬ್ಬಳು ಸಾಕು. ಕಣ್ಣಿಂದ ನೋಡಿದವರು ಬರೆಯಿರಿ.